ಯಂತ್ರ ಹೇಳದ್ದನ್ನು ಮೊಸರು ಹೇಳಿತು

ಡೇರಿಯ ಯಂತ್ರ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಹೇಳುತ್ತದೆ. ಆದರೆ ಹಾಲಿನಲ್ಲಿರುವ ಪ್ರೋಟೀನ್ ಎಂಥದ್ದು ಅಂತ ಹೇಳುವುದಿಲ್ಲ. ಕೆಚ್ಚಲು ಬಾವು ಮೊದಲು ಕೈ ಹಾಕುವುದು ಅಲ್ಲಿಗೇ.

ನಮ್ಮ ಮನೆಯಲ್ಲಿ ಎರಡು ಎಚ್‌ಎಫ್ ಹಸು. ಸುದ್ದಿ ಬರೆದು ಬರುವ ದುಡ್ಡಿಗಿಂತ ಡೇರಿ ಬಟವಾಡೆಯೇ ನಮಗೆ ಗಟ್ಟಿ. ಕಳೆದ ಮಳೆಗಾಲದಲ್ಲಿ ಒಂದರ ಹಾಲು ಹೆಪ್ಪು ಹಾಕಿದರೆ ನೀರು ನೀರಾಗುತ್ತಿತ್ತು. ಅವ್ವ ಪಕ್ಕದ ಮನೆಯಿಂದ ಹೆಪ್ಪು ತಂದು ಎರಡೂ ಹಸುವಿನ ಹಾಲಿಗೆ ಬೇರೆ ಬೇರೆ ಹಾಕಿದರು. ಒಂದು ಗಟ್ಟಿಯಾಯಿತು, ಇನ್ನೊಂದು ಹಾಗೇ ಉಳಿಯಿತು. "ಹೆಪ್ಪಿಂದಲ್ಲ ಕಣಪ್ಪಾ, ಹಾಲಲ್ಲೇ ಏನೋ ಐತೆ. ಡಾಕ್ಟ್ರನ್ನ ಕರಿ" ಅಂದರು.

ಹಾಲು ಬೆಳ್ಳಗೇ ಇತ್ತು, ಕೆಚ್ಚಲು ಊದಿರಲಿಲ್ಲ. ಡಾಕ್ಟರು ನಾಲ್ಕು ಗುಳಿಯ ತಟ್ಟೆಗೆ ನಾಲ್ಕೂ ತೊಟ್ಟಿನ ಹಾಲು ಬೇರೆ ಬೇರೆ ಕರೆದು, ಸಿಎಂಟಿ ದ್ರಾವಣ ಸೇರಿಸಿ ಆಡಿಸಿದರು. ಹಿಂದಿನ ಎರಡು ತೊಟ್ಟಿನ ಹಾಲು ಲೋಳೆಯಾಯಿತು. ಹೊರಗೆ ಕಾಣದ ಬಾವು.

ಒಳಗೆ ಆಗುವುದು ಇಷ್ಟು. ಒಳ್ಳೆಯ ಹಾಲಿನ ಪ್ರೋಟೀನಿನಲ್ಲಿ 100ಕ್ಕೆ ಸುಮಾರು 80 ಭಾಗ ಕೇಸಿನ್. ಮೊಸರು ಗಟ್ಟಿಯಾಗುವುದು ಅದರಿಂದಲೇ. ರೋಗಾಣು ತೊಟ್ಟಿನ ತೂತಿನಿಂದ ಒಳಹೊಕ್ಕರೆ ಕೇಸಿನ್ ತಯಾರಿಸುವ ಜೀವಕೋಶಗಳು ಹಾಳಾಗುತ್ತವೆ. ಪ್ಲಾಸ್ಮಿನ್ ಎಂಬ ಕಿಣ್ವ ಇದ್ದ ಕೇಸಿನನ್ನೂ ತುಂಡು ಮಾಡುತ್ತದೆ. ಅದೇ ಹೊತ್ತಿಗೆ ರಕ್ತದ ಪ್ರೋಟೀನುಗಳು ಹಾಲಿಗೆ ಸೋರುತ್ತವೆ. ಹೀಗಾಗಿ ಒಟ್ಟು ಪ್ರೋಟೀನ್ ಹೆಚ್ಚೇನೂ ಬದಲಾಗದೆ ಇರಬಹುದು. ಒಳಗಿನ ಸರಕು ಮಾತ್ರ ಬದಲಾಗಿರುತ್ತದೆ. ಗೋಡೆಗೆ ಇಟ್ಟಿಗೆ ಕಡಿಮೆಯಾಗಿ ಮಣ್ಣು ಜಾಸ್ತಿಯಾದ ಹಾಗೆ. ಹಾಲಿನ ಸಕ್ಕರೆ ಇಳಿದು ಉಪ್ಪು ಏರುವುದರಿಂದ ರುಚಿಯೂ ಸ್ವಲ್ಪ ಉಪ್ಪಾಗುತ್ತದೆ.

ಮೊಸರು ಕೂರದಿದ್ದರೆಲ್ಲ ಬಾವೇ ಅಂತಲ್ಲ. ಚಳಿ, ಹಳೇ ಹೆಪ್ಪು, ಹಸುವಿಗೆ ಕೊಟ್ಟ ಆಂಟಿಬಯೋಟಿಕ್ ಸಹ ಕಾರಣವಾಗುತ್ತವೆ. ಆದರೆ ಒಂದೇ ಹಸುವಿನ ಹಾಲು ಮತ್ತೆ ಮತ್ತೆ ಹಾಗಾದರೆ ಪರೀಕ್ಷೆ ಮಾಡಿಸಿ. ತಡವಾದರೆ ಕೆಚ್ಚಲಿನ ಆ ಭಾಗ ಗಟ್ಟಿಯಾಗಿ ತೊಟ್ಟು ಬತ್ತಿಹೋಗುತ್ತದೆ. ಮೂರು ತೊಟ್ಟಿನ ಹಸುವಿಗೆ ಸಂತೆಯಲ್ಲಿ ಯಾವ ಬೆಲೆ ಸಿಗುತ್ತದೆ ಅಂತ ನಿಮಗೇ ಗೊತ್ತು. ನಮ್ಮ ಹಸುವಿನ ಒಂದು ತೊಟ್ಟು ಸರಿಹೋಯಿತು, ಇನ್ನೊಂದರಲ್ಲಿ ಇಂದಿಗೂ ಹಾಲು ಕಡಿಮೆ.

ಕರೆಯುವ ಮುಂಚೆ ಕೆಚ್ಚಲು ತೊಳೆದು ಒರೆಸಿ. ಮೊದಲ ಎರಡು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ, ಗರಣೆ ಇದೆಯಾ ನೋಡಿ. ಬಾವು ಇರುವ ಹಸುವನ್ನು ಕೊನೆಗೆ ಕರೆಯಿರಿ. ಕರೆದ ಮೇಲೆ ತೊಟ್ಟಿನ ತೂತು ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಮೇವು ಹಾಕಿ, ಅರ್ಧ ಗಂಟೆ ಮಲಗದಂತೆ ನಿಲ್ಲಿಸಿ. ಔಷಧಿ ನಡೆಯುವಾಗಲೂ, ಆಮೇಲೆ ಡಾಕ್ಟರು ಹೇಳಿದಷ್ಟು ದಿನವೂ ಆ ಹಾಲು ಡೇರಿಗೂ ಬೇಡ, ಮನೆಗೂ ಬೇಡ.

ಸಂಘದ ಮುಂದಿನ ಸಭೆಯಲ್ಲಿ ಸಿಎಂಟಿ ಪರೀಕ್ಷೆ ಮಾಡಿಸಿ ಅಂತ ಕೇಳಿ. ನಾವೂ ಕೇಳುತ್ತಿದ್ದೇವೆ.