ನಾಳಿ ಮಾಡಿದರಾತು

ಹಾನಗಲ್ಲಿನ ನಮ್ಮ ಮನೆಯಲ್ಲಿ ಯಾವಾಗಲೂ ತುಂಬಿರುವುದು 'ನಾಳೆ' ಎಂಬ ಮಾತು. ಮಗಳು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಾಳೆ. ಹಿರೇಕೆರೂರು ಕಡೆಯ ಹಳ್ಳಿಯಲ್ಲಿರುವ ನಮ್ಮ ದೊಡ್ಡತ್ತೆಯ ಬೀಸುವ ಪದಗಳನ್ನು ಸಂಗ್ರಹಿಸಿ ಪ್ರಬಂಧ ಬರೆಯಬೇಕು. ಯುಗಾದಿಗೆ ಹೋಗುತ್ತೇನೆ ಎಂದಳು, ಆಮೇಲೆ ಪಂಚಮಿಗೆ ಎಂದಳು. ದೀಪಾವಳಿಯೂ ಮುಗಿಯಿತು.

"ಇನ್ನೂ ಟೈಮ್ ಐತಿ ಬಿಡವ್ವಾ. ನಾಳಿ ಮಾಡಿದರಾತು."

ಬಯ್ಯಲು ಬಾಯಿ ತೆರೆದವಳು ಸುಮ್ಮನಾದೆ. ಅದು ನನ್ನದೇ ಮಾತು.

1988ರಲ್ಲಿ ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೆ. ಸವಣೂರಿನಲ್ಲಿ ಸೋಬಾನ ಪದ ಹೇಳುವ ಅಜ್ಜಿಯೊಬ್ಬರಿದ್ದರು. ಅವರ ಪದಗಳನ್ನು ಬರೆದುಕೊಂಡು ಬರುವುದು ನನ್ನ ಕೆಲಸ. ಟೇಪ್ ರೆಕಾರ್ಡರ್ ಸಿಗಲಿ, ಮಳೆ ನಿಲ್ಲಲಿ, ಪರೀಕ್ಷೆ ಮುಗಿಯಲಿ ಎನ್ನುತ್ತಲೇ ವರ್ಷ ಕಳೆದೆ. ಕೊನೆಗೆ ಹೋದಾಗ ಅವರ ಸೊಸೆ ಚಹಾ ಕೊಟ್ಟು, "ಅತ್ತಿ ಹೋಗಿ ಹದಿನೈದು ದಿನಾತ್ರಿ" ಎಂದರು. ಅಚ್ಚಾದ ಪುಸ್ತಕಗಳನ್ನು ನೋಡಿ ಪ್ರಬಂಧ ಮುಗಿಸಿದೆ. ಅಂಕ ಬಂತು, ಆ ಪದಗಳು ಮಾತ್ರ ಹೋದವು.

ಅದು ಸೋಮಾರಿತನವಾಗಿರಲಿಲ್ಲ. ರಾತ್ರಿಯೆಲ್ಲ ಕುಳಿತು ಗೆಳತಿಯರಿಗೂ ಟಿಪ್ಪಣಿ ಬರೆದುಕೊಡುತ್ತಿದ್ದೆ. 1999ರಲ್ಲಿ ಅಮೆರಿಕದ ಜಿಂಬಾರ್ಡೋ ಮತ್ತು ಬಾಯ್ಡ್ ಎಂಬ ಮನೋವಿಜ್ಞಾನಿಗಳು, ಜನರು ಕಾಲವನ್ನು ನೋಡುವ ರೀತಿಯಲ್ಲಿ ಐದು ಬಗೆ ಗುರುತಿಸಿದರು: ಹಿಂದಿನ ಸವಿ, ಹಿಂದಿನ ಕಹಿ, ಇಂದಿನ ಸುಖ, ಇಂದಿನ ಹಣೆಬರಹ, ಮುಂದಿನ ಗುರಿ. ಮುಂದಿನದರ ಮೇಲೆ ಕಣ್ಣಿಟ್ಟವರು ಕೆಲಸ ಮುಂದೂಡುವುದು ಕಡಿಮೆ ಎಂದು ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನಗಳು ಹೇಳುತ್ತವೆ. ನನಗೂ ಮುಂದಿನದರ ಮೇಲೆ ಕಣ್ಣಿತ್ತು. ಆದರೆ ನಾನು ಎಣಿಸಿದ್ದು ನನ್ನ ದಿನಗಳನ್ನು ಮಾತ್ರ, ಅಜ್ಜಿಯ ದಿನಗಳನ್ನಲ್ಲ.

ಮೃಗಶಿರಾ ಮಳೆ ಬಿದ್ದರೆ ನಮ್ಮ ಕಡೆ ಬಿತ್ತಿಗೆಯನ್ನು ಯಾರೂ ನಾಳೆಗೆ ಇಡುವುದಿಲ್ಲ. ಹದ ತಪ್ಪಿದರೆ ಬೆಳೆ ಹೋಯಿತು. ಓದಿಗೂ ಒಂದು ಹದ ಇದೆಯೆಂದು ನಮಗೆ ಹೊಳೆಯುವುದೇ ಇಲ್ಲ.

ಸವಣೂರಿನ ಮೂರು ದೊಡ್ಡಹುಣಸೆ ಮರಗಳನ್ನು ನೀವೂ ನೋಡಿರಬಹುದು. ಶತಮಾನಗಳಿಂದ ನಿಂತ ಆ ಮರಗಳ ಬುಡದಲ್ಲಿ ಕಾಲಕ್ಕೆ ಅವಸರವೇ ಇಲ್ಲ ಎನಿಸುತ್ತದೆ. ಅವುಗಳಲ್ಲೂ ಒಂದು 2023ರ ಜುಲೈ ಮಳೆಗೆ ಉರುಳಿತು. ಯಂತ್ರ ತಂದು ಎತ್ತಿ ಮತ್ತೆ ನೆಟ್ಟರು. ಹೋದ ಅಜ್ಜಿಯನ್ನು ಯಾವ ಯಂತ್ರ ಎತ್ತೀತು?

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಮಾತಾಡಲಿಲ್ಲ. ರವಿವಾರ ಮುಂಜಾನೆ ಅವಳೇ ನನ್ನನ್ನು ಎಬ್ಬಿಸಿದಳು. ಹಿರೇಕೆರೂರು ಬಸ್ಸು ಹಿಡಿದೆವು.

ದೊಡ್ಡತ್ತೆ ಕಟ್ಟೆಯ ಮೇಲೆ ಕುಳಿತಿದ್ದರು. "ಈಗ ಬಂದ್ಯಾ ತಂಗಿ? ಹೋದ ವರ್ಷ ಬಂದಿದ್ದರ ರಾತ್ರಿ ತುಂಬ ಹೇಳ್ತಿದ್ದೆ. ಈಗ ಅರ್ಧಾ ಮರ್ತೀನಿ."

ಮಗಳು ನನ್ನ ಮುಖ ನೋಡಿದಳು. ಆಮೇಲೆ ಮೊಬೈಲ್ ಹೊರತೆಗೆದು ಅಜ್ಜಿಯ ಮುಂದಿಟ್ಟು, "ಉಳಿದರ್ಧಾ ಹೇಳಬೇ" ಎಂದಳು.