ನೋವಿನ ಪರವಾಗಿ ಒಂದು ಅಹವಾಲು

ಕ್ಯಾನ್ಸರ್ ಎಲುಬಿಗೆ ಇಳಿದಾಗ ಬರುವ ನೋವು ಮಾಮೂಲಿ ಮಾತ್ರೆಗಳಿಗೆ ಬಗ್ಗುವುದಿಲ್ಲ. ಅದಕ್ಕೆ ಮಾರ್ಫಿನ್ ಬೇಕು, ಮಾರ್ಫಿನ್‌ಗೆ ಅಫೀಮು ಬೇಕು. ಔಷಧಕ್ಕಾಗಿ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ನೀಮಚ್ ಮತ್ತು ಘಾಜಿಪುರಗಳಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ, ಹೊರದೇಶಗಳಿಗೂ ಇಲ್ಲಿಂದ ಅಫೀಮು ಹೋಗಿದೆ. ಹಾಗಿದ್ದೂ 1985ರಲ್ಲಿ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ, 1997ರ ಹೊತ್ತಿಗೆ, ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ಶೇ. 97ರಷ್ಟು ಕುಸಿದಿತ್ತು. ಕಾಯ್ದೆ ಔಷಧವನ್ನು ನಿಷೇಧಿಸಿರಲಿಲ್ಲ. ವೈದ್ಯಕೀಯ ಬಳಕೆಗೆ ಅದರಲ್ಲೇ ಅವಕಾಶವಿತ್ತು. ಆದರೆ ಆ ಅವಕಾಶಕ್ಕೆ ನಿಯಮ ಬರೆಯುವ ಅಧಿಕಾರ ರಾಜ್ಯಗಳ ಕೈಯಲ್ಲಿತ್ತು. ಹೆಚ್ಚಿನ ಕಡೆ ಒಂದು ಆಸ್ಪತ್ರೆ ಬೇರೆ ಬೇರೆ ಇಲಾಖೆಗಳಿಂದ ನಾಲ್ಕೈದು ಪರವಾನಗಿ ಪಡೆಯಬೇಕಿತ್ತು. ಒಂದು ಕೈಸೇರುವಷ್ಟರಲ್ಲಿ ಇನ್ನೊಂದರ ಅವಧಿ ತೀರಿರುತ್ತಿತ್ತು. ಲೆಕ್ಕ ತಪ್ಪಿದರೆ ಜೈಲೆಂಬ ಭಯ ಬೇರೆ. ಆಸ್ಪತ್ರೆಗಳು ತರಿಸುವುದನ್ನೇ ಬಿಟ್ಟವು. ಒಂದು ಪೀಳಿಗೆಯ ವೈದ್ಯರು ಮಾರ್ಫಿನ್ ಬರೆಯಲು ಕಲಿಯದೆಯೇ ಕಾಲೇಜು ಮುಗಿಸಿದರು.

ಈ ಅನ್ಯಾಯವನ್ನು ಶಾಸಕರ, ಸಂಸದರ ಮುಂದೆ ಒಯ್ಯುವವರು ಯಾರು? ಮಾರ್ಫಿನ್ ಅಗ್ಗದ, ಹಳೆಯ ಔಷಧ. ಯಾವ ಕಂಪನಿಗೂ ಅದರಲ್ಲಿ ದೊಡ್ಡ ಲಾಭವಿಲ್ಲ, ಆದ್ದರಿಂದ ಅದರ ಪರ ದೆಹಲಿಗೆ ಬರುವ ಏಜೆಂಟರಿಲ್ಲ. ಸಾಯುತ್ತಿರುವ ರೋಗಿಗಳು ಮತಬ್ಯಾಂಕ್ ಅಲ್ಲ. ಮುಂದಿನ ಚುನಾವಣೆಗೆ ಅವರಿರುವುದಿಲ್ಲ. ಅವರ ಮನೆಯವರು ಸೂತಕ ಕಳೆದ ಮೇಲೆ ಆ ರಾತ್ರಿಗಳನ್ನು ನೆನೆಯಲೂ ಇಷ್ಟಪಡುವುದಿಲ್ಲ. ಹಣವೂ ಸಂಖ್ಯೆಯೂ ಇಲ್ಲದವರ ಅಹವಾಲು ತಾನಾಗಿಯೇ ಶಾಸನಸಭೆಗೆ ತಲುಪುವ ವ್ಯವಸ್ಥೆ ನಮ್ಮಲ್ಲಿಲ್ಲ. ಆದ್ದರಿಂದ ಸೇವಾಸಂಸ್ಥೆಗಳು ಲಾಬಿ ಮಾಡುವುದನ್ನು ನಾನು ಅವುಗಳ ದಾರಿತಪ್ಪಿದ ನಡೆಯೆಂದು ನೋಡಲಾರೆ. ಅದು ಶುಶ್ರೂಷೆಯದೇ ಮುಂದುವರಿದ ಭಾಗ.

ಆ ಕೆಲಸ ದಿನನಿತ್ಯದಲ್ಲಿ ಹೇಗಿರುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಭಾಷಣದ ಪಾಲು ಅದರಲ್ಲಿ ಬಹಳ ಕಡಿಮೆ. ಪಾಸಿಗಾಗಿ ಸರದಿ, ಆಪ್ತ ಕಾರ್ಯದರ್ಶಿಯ ಕೋಣೆಯ ಹೊರಗೆ ಕಾಯುವಿಕೆ, ಹತ್ತು ನಿಮಿಷದ ಭೇಟಿ ಎರಡು ನಿಮಿಷಕ್ಕೆ ಇಳಿಯುವುದು, ಅಷ್ಟರಲ್ಲಿ ಓದಿ ಮುಗಿಸಬಹುದಾದ ಒಂದು ಪುಟದ ಟಿಪ್ಪಣಿ. ಎದುರಿಗಿರುವ ಜನಪ್ರತಿನಿಧಿ ಬಹುಪಾಲು ಸಜ್ಜನರೇ. ನೋವಿನ ವಿಷಯ ಕೇಳಿ ಮರುಗುತ್ತಾರೆ, ಪತ್ರ ಬರೆದುಕೊಡುತ್ತಾರೆ. ಮರುಕದಿಂದ ಕಡತ ಚಲಿಸುವುದಿಲ್ಲ. ಯಾವ ಕಲಮಿನ ಯಾವ ಉಪಕಲಮಿನಲ್ಲಿ ಯಾವ ಪದ ಬದಲಾಗಬೇಕು, ಅದು ಯಾವ ಇಲಾಖೆಯ ಹೊಣೆ ಎಂದು ಬರೆದು ತಂದವರ ಮಾತು ಮಾತ್ರ ಮುಂದಕ್ಕೆ ಹೋಗುತ್ತದೆ. ಮಾರ್ಫಿನ್ ಪ್ರಶ್ನೆ ಆರೋಗ್ಯ ಇಲಾಖೆಯದೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಕಾಯ್ದೆ ಇರುವುದು ಹಣಕಾಸು ಸಚಿವಾಲಯದ ಕಂದಾಯ ಇಲಾಖೆಯ ಕೈಯಲ್ಲಿ. ಅಲ್ಲಿ ಒಬ್ಬ ಅಧಿಕಾರಿಗೆ ವಿಷಯ ಮನವರಿಕೆಯಾಗುವಷ್ಟರಲ್ಲಿ ಅವರ ವರ್ಗಾವಣೆಯಾಗಬಹುದು, ಹೊಸಬರ ಮುಂದೆ ಎಲ್ಲವೂ ಮೊದಲಿನಿಂದ. ಕೋಯಿಕ್ಕೋಡಿನಲ್ಲಿ ಉಪಶಾಮಕ ಚಿಕಿತ್ಸೆ ಕಟ್ಟಿದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ನಡೆದದ್ದು ಇಂಥ ಹಾದಿಯನ್ನು. 1998ರಲ್ಲಿ ಕೇಂದ್ರವು ನಿಯಮ ಸರಳಗೊಳಿಸಿ ಎಂದು ರಾಜ್ಯಗಳಿಗೆ ಬರೆಯಿತು. ಹಲವು ರಾಜ್ಯಗಳು ಆ ಪತ್ರವನ್ನು ಗಮನಿಸಲೇ ಇಲ್ಲ. ಸುಪ್ರೀಂ ಕೋರ್ಟಿಗೂ ಅರ್ಜಿ ಹೋಯಿತು. 2011ರಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಸ್ಥಾಯಿ ಸಮಿತಿಗೆ ಹೋಗಿ ಬಂದು ಕಾಯುತ್ತಾ ಉಳಿಯಿತು. ಕೊನೆಗೆ ಅದಕ್ಕೆ ಅಂಗೀಕಾರ ಸಿಕ್ಕಿದ್ದು 2014ರ ಫೆಬ್ರವರಿಯಲ್ಲಿ, 15ನೇ ಲೋಕಸಭೆಯ ಕಟ್ಟಕಡೆಯ ದಿನಗಳಲ್ಲಿ, ತೆಲಂಗಾಣದ ಗದ್ದಲದಿಂದ ಸದನ ನಡೆಯುವುದೇ ದುಸ್ತರವಾಗಿದ್ದಾಗ. ಆ ಅಧಿವೇಶನ ತಪ್ಪಿದ್ದರೆ ಮಸೂದೆ ಸತ್ತುಹೋಗಿ ಹೊಸ ಲೋಕಸಭೆಯ ಮುಂದೆ ಮತ್ತೆ ಕೈಮುಗಿದು ನಿಲ್ಲಬೇಕಿತ್ತು.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ದಾನಿಗಳು ಹಣ ಕೊಟ್ಟಿದ್ದು ರೋಗಿಗಳ ಆರೈಕೆಗೆ, ಅಧಿಕಾರಿಗಳ ಬಾಗಿಲು ಕಾಯುವುದಕ್ಕಲ್ಲ ಎನ್ನುತ್ತಾರೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಅದರ ಹಿರಿಮೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅಂಥ ಎಷ್ಟು ಮನೆಗಳನ್ನು ಕಟ್ಟಿದರೂ ಬೀದರ್‌ನಲ್ಲೋ ಚಾಮರಾಜನಗರದಲ್ಲೋ ತನ್ನ ಮನೆಯಲ್ಲೇ ನರಳುವವನಿಗೆ ಮಾತ್ರೆ ಸಿಗಬೇಕಾದರೆ ಅಲ್ಲಿನ ಆಸ್ಪತ್ರೆ ಅದನ್ನು ಇಟ್ಟುಕೊಳ್ಳಲು ಕಾನೂನು ಬಿಡಬೇಕು. ಹಾಸಿಗೆಯ ಕೈ ತಲುಪದ ಕಡೆಗೆ ಕಲಮಿನ ಕೈ ತಲುಪುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಅಮೆರಿಕದಲ್ಲಿ ಇದೇ ಕುಲದ ಔಷಧಗಳನ್ನು ನೋವಿನ ಹೆಸರಲ್ಲಿ ಹರಡಿ ಅಸಂಖ್ಯ ಜನರನ್ನು ಚಟಕ್ಕೆ ತಳ್ಳಲಾಯಿತು. ಆಕ್ಸಿಕಾಂಟಿನ್ ಪ್ರಚಾರದಲ್ಲಿ ದಾರಿತಪ್ಪಿಸಿದ್ದನ್ನು ಪರ್ಡ್ಯೂ ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅವರೂ ನೋವಿನ ಮಾತನ್ನೇ ಆಡಿದ್ದರಲ್ಲ, ಇವರನ್ನು ಹೇಗೆ ನಂಬುವುದು? ನಂಬಿಕೆಯ ಮೇಲೆ ಬಿಡಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಅಹವಾಲು ತಂದವರನ್ನು ಎರಡು ಪ್ರಶ್ನೆ ಕೇಳಲೇಬೇಕು: ಇದರಿಂದ ನಿಮಗೆಷ್ಟು ಲಾಭ, ನಿಮ್ಮ ಲೆಕ್ಕ ಎಲ್ಲಿ? ರಾಜಗೋಪಾಲ್ ಗುಂಪು ಲೆಕ್ಕ ತಂದಿತ್ತು. ಕೋಯಿಕ್ಕೋಡಿನಲ್ಲಿ ಮಾರ್ಫಿನ್ ಮಾತ್ರೆ ಮನೆಗೆ ಒಯ್ದ 1,723 ರೋಗಿಗಳನ್ನು ಎರಡು ವರ್ಷ ಗಮನಿಸಿ, ದುರ್ಬಳಕೆಯಾಗಲಿ ಕಳ್ಳಸಾಗಣೆಯಾಗಲಿ ಕಂಡುಬರಲಿಲ್ಲವೆಂದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಅವರು ಕೇಳಿದ್ದೂ ನಿಯಂತ್ರಣ ತೆಗೆಯಿರಿ ಎಂದಲ್ಲ. ಅನೇಕ ಕಚೇರಿಗಳ ಪರವಾನಗಿಯ ಬದಲು ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆಯೊಂದೇ ಸಾಕು, ಲೆಕ್ಕ ಒಪ್ಪಿಸುವ ಹೊಣೆ ಹಾಗೇ ಇರಲಿ ಎಂದು. ಇಷ್ಟು ಸಂಯಮದ ಬೇಡಿಕೆಗೆ ಇಷ್ಟೊಂದು ವರ್ಷ ಹಿಡಿದದ್ದು ನನ್ನನ್ನು ಈಗಲೂ ಕಲಕುತ್ತದೆ, ಏಕೆಂದರೆ ಆ ಅವಧಿಯಲ್ಲಿ ಸತ್ತವರು ಕಿರುಚುತ್ತಾ ಸತ್ತರು.

ತಿದ್ದುಪಡಿಯ ನಿಯಮಗಳು 2015ರಲ್ಲಿ ಹೊರಬಂದವು. ಆದರೂ ಮಾತ್ರೆ ಇಂದಿಗೂ ಎಲ್ಲೆಡೆ ಸಿಗದು. ಕಾನೂನು ಬಿಟ್ಟರೂ ಕೇಳುವ ಆಸ್ಪತ್ರೆ ಬೇಕು, ಬರೆಯಲು ಅಂಜದ ವೈದ್ಯರು ಬೇಕು. ಹೀಗಾಗಿ ಅಹವಾಲಿನ ವಿಳಾಸ ಈಗ ಬದಲಾಗಿದೆ. ಸಂಸತ್ತಿನ ಬದಲು ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಕರ ಕಚೇರಿ, ವೈದ್ಯಕೀಯ ಕಾಲೇಜಿನ ಪಠ್ಯ ಸಮಿತಿ, ಪ್ರತಿ ವರ್ಷ ಆರೋಗ್ಯ ಬಜೆಟ್ ಚರ್ಚೆಗೆ ಏಳುವ ಶಾಸಕ. ತಮ್ಮ ಜಿಲ್ಲೆಯ ಆಸ್ಪತ್ರೆ ಆ ಮಾನ್ಯತೆಗೆ ಅರ್ಜಿ ಹಾಕಿದೆಯೇ ಎಂದು ಸದನದಲ್ಲಿ ಒಂದು ಲಿಖಿತ ಪ್ರಶ್ನೆ ಕೇಳಿಸುವುದು ಯಾವ ತಾಲ್ಲೂಕಿನ ಯಾವ ಸಣ್ಣ ಸಂಸ್ಥೆಗಾದರೂ ಸಾಧ್ಯವಿರುವ ಕೆಲಸ.