ಮರ್ಮಗೋವಾದಲ್ಲಿ ಕಂಡ ತೇಲುವ ಹೋಟೆಲು

ಗೋವೆಗೆ ಹೋದವರು ಹಳೆ ಗೋವೆಯ ದೇವಾಲಯಗಳನ್ನು ನೋಡುತ್ತಾರೆ, ಕಡಲ ತೀರಕ್ಕೆ ಹೋಗುತ್ತಾರೆ, ಗೋಡಂಬಿ ಕೊಂಡು ಮನೆಗೆ ಮರಳುತ್ತಾರೆ. ವಾಸ್ಕೋ ಪಟ್ಟಣವನ್ನು ದಾಟಿ, ಜುವಾರಿ ನದಿ ಸಮುದ್ರ ಸೇರುವಲ್ಲಿರುವ ಮರ್ಮಗೋವಾ ಬಂದರಿನ ಕಡೆಗೆ ಯಾತ್ರಿಕರು ಸುಳಿಯುವುದು ಕಡಿಮೆ. ಅಲ್ಲಿ ಕಲ್ಲಿದ್ದಲಿನ ಧೂಳೇ ಹೆಚ್ಚು. ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ಕಲ್ಲಿದ್ದಲು ಇಳಿಯುವುದೂ ಇಲ್ಲಿಯೇ. ಮಳೆಗಾಲ ಮುಗಿದ ಮೇಲೆ ಈ ಕಪ್ಪು ಧಕ್ಕೆಗಳ ನಡುವೆ ಬಿಳಿಯ ಪ್ರವಾಸಿ ಹಡಗುಗಳೂ ಬಂದು ನಿಲ್ಲುತ್ತವೆ.

ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಅವಶೇಷಗಳ ಸಾರ್ವಜನಿಕ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತಲ್ಲವೇ? ಆಗ ಡಿಸೆಂಬರಿನಲ್ಲಿ ನಾವು ಧರ್ಮಕೇಂದ್ರದ ಕೆಲವು ಕುಟುಂಬಗಳೊಡನೆ ಕಾರವಾರದ ದಾರಿಯಾಗಿ ಬಸ್ಸಿನಲ್ಲಿ ಹೋಗಿದ್ದೆವು. ಅದೇ ಆಗಸ್ಟಿನಲ್ಲಿ ಕುಸಿದಿದ್ದ ಕಾಳಿ ನದಿಯ ಹಳೆಯ ಸೇತುವೆಯನ್ನು ಕಂಡು ಬಸ್ಸಿನಲ್ಲಿ ಜಪಸರವೇ ಶುರುವಾಯಿತು. ದರ್ಶನ ಮುಗಿದ ಮಾರನೆಯ ದಿನ, ಗುಂಪಿನಲ್ಲಿದ್ದ ಒಬ್ಬರ ಬಂಧುಗಳು ವಾಸ್ಕೋದ ತಮ್ಮ ಮನೆಗೆ ಊಟಕ್ಕೆ ಕರೆದರು. ಯಜಮಾನರು ನಿವೃತ್ತ ತಾರ್ವೊಟಿ, ಅಂದರೆ ಹಡಗಿನ ಕೆಲಸಗಾರರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ವಿದೇಶಿ ಪ್ರವಾಸಿ ಹಡಗುಗಳ ಬಾರಿನಲ್ಲಿ ದುಡಿದವರು. ನಾವು ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಅವರ ಮಾತಿನ ಕಾರಣದಿಂದ.

ಗೋವೆಯ ಕ್ರೈಸ್ತರಿಗೂ ಹಡಗಿಗೂ ಇರುವ ನಂಟು ಹಳೆಯದು. ಬ್ರಿಟಿಷರ ಕಾಲದಲ್ಲಿಯೇ ಅವರ ಹಡಗುಗಳಲ್ಲಿ ಅಡುಗೆಯವರು, ಬಡಿಸುವವರು ಗೋವೆಯವರಾಗಿದ್ದರು. ಹಡಗಿನ ಕರೆ ಬರುವ ತನಕ ಅವರು ಮುಂಬೈಯ ಧೋಬಿ ತಲಾವ್ ಸುತ್ತಮುತ್ತ ತಮ್ಮ ತಮ್ಮ ಊರಿನ ಹೆಸರಿನ 'ಕೂಡ್'ಗಳಲ್ಲಿ, ಒಂದು ಪೆಟ್ಟಿಗೆ ಇಡುವಷ್ಟು ಜಾಗದಲ್ಲಿ ಕಾಯುತ್ತಿದ್ದರು. ಮುಂಬೈ–ಪಣಜಿ ನಡುವೆ ಓಡಾಡುತ್ತಿದ್ದ 'ಕೊಂಕಣ್ ಸೇವಕ್', 'ಕೊಂಕಣ್ ಶಕ್ತಿ' ಹಡಗುಗಳನ್ನು ಹಳಬರು ಇನ್ನೂ ನೆನೆಯುತ್ತಾರೆ. ಆ ಕಾಲದಲ್ಲಿ ಬುತ್ತಿ ಕಟ್ಟಿಕೊಂಡು, ಚಾಪೆ ಹಾಸಿಕೊಂಡು ಪ್ರಯಾಣ. ಈಗಿನದು ಬೇರೆಯೇ ಬಗೆ. 2018ರಲ್ಲಿ 'ಆಂಗ್ರಿಯಾ' ಬಂದು ಹೋಯಿತು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಕಂಪನಿಯ 'ಎಂಪ್ರೆಸ್' ಮುಂಬೈಯಿಂದ ಯಾನ ಆರಂಭಿಸಿತು. 1990ರಲ್ಲಿ ಕಟ್ಟಿದ ಈ ಹಡಗಿನಲ್ಲಿ ಈಜುಕೊಳ, ನಾಟಕಶಾಲೆ, ಬಾರುಗಳು, ಎಲ್ಲವೂ ಇವೆ. ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆಂದು ನಮ್ಮ ಮಧ್ಯಮ ವರ್ಗದ ಕುಟುಂಬಗಳೂ ಈಗ ಇಂಥ ಹಡಗುಗಳ ದರಪಟ್ಟಿ ನೋಡತೊಡಗಿವೆ.

ನಮ್ಮ ಗುಂಪಿನಲ್ಲಿಯೂ ಅಂಥ ಒಂದು ಜೋಡಿ ಇತ್ತು. ಗಂಡನ ಕೈಯಲ್ಲಿ ಮೊಬೈಲು, ಅದರಲ್ಲಿ 'ಡ್ರಿಂಕ್ಸ್ ಪ್ಯಾಕೇಜ್' ಎಂಬ ಪುಟ. "ಒಮ್ಮೆ ಹಣ ಕಟ್ಟಿದರೆ ಬೇಕಾದಷ್ಟು ಕುಡಿಯಬಹುದಂತೆ, ಲಾಭ ಅಲ್ಲವೇ?" ಎಂದು ಅವರು ಕೇಳಿದರು. ಯಜಮಾನರು ನಕ್ಕು, ಒಂದು ಕಾಗದ ಪೆನ್ನು ತರಿಸಿದರು.

ಹಡಗಿನಲ್ಲಿ ನೋಟು ನಡೆಯುವುದಿಲ್ಲ. ಹತ್ತುವಾಗ ಕೊಡುವ ಒಂದು ಕಾರ್ಡೇ ಕೋಣೆಯ ಬೀಗದ ಕೈ, ಅದೇ ಹಣದ ಚೀಲ. ಊಟ, ನೀರು, ಚಹಾ ಸಾಮಾನ್ಯವಾಗಿ ಟಿಕೆಟ್ಟಿನಲ್ಲೇ ಸೇರಿರುತ್ತವೆ. ಮದ್ಯ ಮತ್ತು ಬಾಟಲಿ ಪಾನೀಯಗಳಿಗೆ ಬೇರೆ ಲೆಕ್ಕ. ಗ್ಲಾಸೊಂದಕ್ಕೆ 600 ರೂಪಾಯಿ, ಪ್ಯಾಕೇಜು ದಿನಕ್ಕೆ 4,000 ರೂಪಾಯಿ ಎಂದಿಟ್ಟುಕೊಳ್ಳಿ, ಎಂದರು. ಹಾಗಾದರೆ ಹಣ ಹುಟ್ಟಬೇಕಾದರೆ ದಿನಕ್ಕೆ ಏಳು ಗ್ಲಾಸು, ಪ್ರತಿದಿನವೂ. ಹೆಚ್ಚಿನ ದೊಡ್ಡ ಕಂಪನಿಗಳಲ್ಲಿ ಪ್ಯಾಕೇಜನ್ನು ಇಡೀ ಯಾನಕ್ಕೆ ಕೊಳ್ಳಬೇಕು, ಒಂದು ದಿನಕ್ಕೆಂದು ಕೊಡುವುದಿಲ್ಲ. ಒಂದೇ ಕೋಣೆಯ ಒಬ್ಬ ವಯಸ್ಕರು ಕೊಂಡರೆ ಇನ್ನೊಬ್ಬರೂ ಕೊಳ್ಳಬೇಕೆಂಬ ನಿಯಮ ಹಲವು ಕಡೆ ಇದೆ. ಗಂಡ ಕುಡಿದು ಹೆಂಡತಿಗೆ ದಾಟಿಸುವ ಉಪಾಯ ನಡೆಯದಿರಲೆಂದು! ಹೆಂಡತಿ ಕುಡಿಯದವಳಾದರೂ ಹಣ ಕಟ್ಟಬೇಕು. ಇಂತಿಷ್ಟು ಬೆಲೆಯ ಮೇಲಿನ ಗ್ಲಾಸು ಪ್ಯಾಕೇಜಿನಲ್ಲಿ ಬರುವುದಿಲ್ಲ. ಇದರ ಮೇಲೆ ನೂರಕ್ಕೆ 18ರಷ್ಟು ಅಥವಾ ಹೆಚ್ಚು ಸೇವಾಶುಲ್ಕ ಸೇರುವುದುಂಟು. ಇನ್ನು ಹಡಗು ಗೋವೆಯಲ್ಲಿ ನಿಂತ ದಿನ ಜನರೆಲ್ಲ ಊರು ನೋಡಲು ಇಳಿದಿರುತ್ತಾರೆ, ಆ ದಿನದ ಹಣವೂ ಹೋದಂತೆಯೇ. ಊರಲ್ಲಿ ಅದೇ ಬಾಟಲಿ ಅಗ್ಗ. ಗೋವೆಯ ಅಬಕಾರಿ ತೆರಿಗೆ ನಮ್ಮ ರಾಜ್ಯಕ್ಕಿಂತ ಕಡಿಮೆಯೆಂಬುದು ಗಡಿಯ ಚೆಕ್‌ಪೋಸ್ಟಿನವರಿಗೆ ಚೆನ್ನಾಗಿ ಗೊತ್ತು. ಆದರೆ ಊರಲ್ಲಿ ಕೊಂಡ ಬಾಟಲಿಯನ್ನು ಹಡಗಿನವರು ಬಾಗಿಲಲ್ಲೇ ತೆಗೆದಿಟ್ಟುಕೊಂಡು, ಇಳಿಯುವಾಗ ಹಿಂತಿರುಗಿಸುತ್ತಾರೆ.

"ಕುಡಿಯಲು ಇಷ್ಟವಿದ್ದವನು ಎರಡು ಗ್ಲಾಸಿನ ಹಣ ಕೊಟ್ಟು ಕುಡಿಯಲಿ, ಫಾದರ್. ಪ್ಯಾಕೇಜು ಕೊಂಡವನು ಮಾತ್ರ ಲೆಕ್ಕ ಸರಿಮಾಡಲು ಕುಡಿಯುತ್ತಾನೆ" ಎಂದರು ಅವರು. ಬೆಳಿಗ್ಗೆ ಹತ್ತಕ್ಕೇ ಶುರುವಾಗುವವರುಂಟಂತೆ. ಅಮೆರಿಕದ ಕಾರ್ನಿವಲ್ ಕಂಪನಿಯ ಪ್ಯಾಕೇಜಿನಲ್ಲಿ 24 ಗಂಟೆಗೆ 15 ಮದ್ಯದ ಗ್ಲಾಸು ಎಂಬ ಮಿತಿ ಇದೆ. ಮಿತಿಯೇ ಹದಿನೈದು ಎಂದಾಗ ನಮ್ಮ ಗುಂಪಿನ ಹೆಂಗಸರು ಶಿಲುಬೆಯ ಗುರುತು ಮಾಡಿದರು.

ಬಾರಿನ ಈಚೆಗಿನ ಕಥೆ ಹೀಗಾದರೆ, ಆಚೆಗಿನದು ಬೇರೆ. ಅಮಲೇರಿದವರಿಗೆ ಕೊಡಬಾರದೆಂಬುದು ಹಡಗಿನ ನಿಯಮ. "ನಾನು ಆಗಲೇ ಹಣ ಕಟ್ಟಿದ್ದೇನೆ, ನೀನು ಯಾರು ಇಲ್ಲ ಎನ್ನಲು?" ಎಂದು ಅತಿಥಿ ಗದರಿಸಿದಾಗ ನಗುತ್ತಲೇ ಇಲ್ಲ ಎನ್ನಬೇಕು, ದೂರು ಹೋದರೆ ಮುಂದಿನ ಕರಾರಿಗೆ ಕುತ್ತು. ಬಾರು ಮುಚ್ಚಿದ ಮೇಲೆ ಗ್ಲಾಸು ಒರೆಸುವುದು, ಬಾಟಲಿ ಎಣಿಸುವುದು, ನೆಲ ತೊಳೆಯುವುದು. ಮಲಗಲು ಕೆಳಗಿನ ಅಂತಸ್ತಿನಲ್ಲಿ ಕಿಟಕಿಯಿಲ್ಲದ ಕೋಣೆ. 2006ರ ಕಡಲ ಕಾರ್ಮಿಕರ ಒಡಂಬಡಿಕೆ 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. ಅದರ ಪ್ರಕಾರ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಇರಬೇಕು. ಹತ್ತು ಗಂಟೆ ವಿಶ್ರಾಂತಿ ಎಂದರೆ ಉಳಿದ ಹದಿನಾಲ್ಕು ಗಂಟೆ ಏನೆಂದು ಓದುಗರೇ ಊಹಿಸಬಹುದು.

ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಎಲ್ಲಿಂದ ಬಂತೆಂದು ಮೇಲ್ವಿಚಾರಕನಿಗೆ ತಿಳಿಯಲಿಲ್ಲ, ನೀರು ತುಂಬಿದ ಸೇವಕರಿಗೆ ಮಾತ್ರ ಗೊತ್ತಿತ್ತು. ಅವರ ಹೆಸರು ಶುಭಸಂದೇಶದಲ್ಲಿ ಬರುವುದಿಲ್ಲ. ಹಡಗಿನಲ್ಲಿ ಟ್ರೇ ಹಿಡಿದವರ ಹೆಸರನ್ನೂ ಯಾರೂ ಕೇಳುವುದಿಲ್ಲ. ಆದರೆ ಅಪಾಯದ ಗಂಟೆ ಬಾರಿಸಿದಾಗ ಜನರನ್ನು ದೋಣಿಗೆ ಹತ್ತಿಸಬೇಕಾದವರು ಅವರೇ. 2012ರ ಜನವರಿ 13ರಂದು ಇಟಲಿಯ ಬಳಿ 'ಕೋಸ್ಟಾ ಕಾನ್ಕಾರ್ಡಿಯಾ' ಬಂಡೆಗೆ ಬಡಿದು ಮಗುಚಿದಾಗ 32 ಮಂದಿ ಸತ್ತರು. ಅವರಲ್ಲಿ ನಮ್ಮ ದೇಶದ ವೇಟರ್ ರಸೆಲ್ ರೆಬೆಲ್ಲೊ ಒಬ್ಬರು. ಪ್ರಯಾಣಿಕರಿಗೆ ನೆರವಾಗುತ್ತ ಉಳಿದ ಅವರ ದೇಹ ಸಿಕ್ಕಿದ್ದು 2014ರ ನವೆಂಬರಿನಲ್ಲಿ, ಎಲ್ಲರಿಗಿಂತ ಕೊನೆಗೆ.

ಈ ಹೆಸರು ಬಂದಾಗ ಮನೆಯಲ್ಲಿ ಮಾತು ನಿಂತಿತು. ಏಕೆಂದರೆ ನಮ್ಮ ಗುಂಪಿನ ಒಬ್ಬ ವಿಧವೆ ತಾಯಿ ಬಂದದ್ದೇ ಯಜಮಾನರನ್ನು ಒಂದು ಮಾತು ಕೇಳಲು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಮಗನಿಗೆ ಹಡಗಿನ ಬಾರಿನಲ್ಲಿ ಕೆಲಸ ಕೊಡಿಸುವುದಾಗಿ ಒಬ್ಬ ಏಜೆಂಟ್ ಮೂರು ಲಕ್ಷ ಕೇಳಿದ್ದ. ಆಕೆ ಬಳೆ ಅಡವಿಡುವವರಿದ್ದರು.

ಯಜಮಾನರ ದನಿ ಆಗ ಗಟ್ಟಿಯಾಯಿತು. "ಒಂದು ರೂಪಾಯಿಯನ್ನೂ ಕೊಡಬೇಡಿ ಅಮ್ಮಾ" ಎಂದರು. ಕೆಲಸ ಕೊಡಿಸಲು ನಾವಿಕರಿಂದ ಶುಲ್ಕ ಪಡೆಯುವುದನ್ನು ಆ ಒಡಂಬಡಿಕೆಯೇ ನಿಷೇಧಿಸಿದೆ. ಪಾಸ್‌ಪೋರ್ಟು, ವೈದ್ಯಕೀಯ ಪರೀಕ್ಷೆ, ಸಿಡಿಸಿ ಎಂಬ ನಾವಿಕರ ಪುಸ್ತಕ, ಇವುಗಳ ಖರ್ಚು ಮಾತ್ರ ನಮ್ಮದಾಗಬಹುದು. ನಾವಿಕರನ್ನು ನೇಮಿಸುವ ಸಂಸ್ಥೆಗೆ ಮುಂಬೈಯ ಹಡಗು ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು, ಆ ಪಟ್ಟಿಯನ್ನು ಯಾರೂ ನೋಡಬಹುದು. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಈ ತರಬೇತಿಗಳನ್ನು ಮಾನ್ಯತೆ ಪಡೆದ ಕಡೆಯಲ್ಲೇ ಮಾಡಬೇಕು.

ಮಗ ಅಲ್ಲಿಯೇ ಮೊಬೈಲಿನಲ್ಲಿ ಪಟ್ಟಿ ತೆರೆದ. ಏಜೆಂಟನ ಸಂಸ್ಥೆಯ ಹೆಸರು ಅದರಲ್ಲಿ ಇರಲಿಲ್ಲ. ತಾಯಿ ಎರಡು ಸಲ ಮೇಲಿಂದ ಕೆಳಗೆ ನೋಡಿಸಿದರು. ಹುಡುಗನ ಹಡಗಿನ ಆಸೆಯೇನೂ ಬಿಡಲಿಲ್ಲ. ಅದು ಬಿಡಬೇಕೆಂದು ನಾವೂ ಹೇಳಲಿಲ್ಲ. ವಾಸ್ಕೋದ ಎಷ್ಟೋ ಮನೆಗಳ ಮಾಡು ನಿಂತಿರುವುದು ಆ ದುಡಿಮೆಯ ಮೇಲೆಯೇ. ಊರಿಗೆ ಬಂದ ಮೇಲೆ ಅವನು ತರಬೇತಿ ಮುಗಿಸಿ, ಸಿಡಿಸಿಗೆ ಅರ್ಜಿ ಹಾಕಿದ. ಬೆಳ್ಳಿ ಹಬ್ಬದ ದಂಪತಿಗಳು ಪ್ಯಾಕೇಜಿಲ್ಲದ ಟಿಕೆಟ್ಟು ಕೊಂಡರು.